ಆಟೊಇಟ್, ಆಟೊಹಾಟ್‌ಕೀ ಎಡಿಟರ್ ನಮ್ಮ ಕೈಗೆ ಒಗ್ಗಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ ಆಫೀಸಿನಲ್ಲಿ ನನ್ನ ಕೆಲಸ. ಬಿಲ್, ಚಲನ್, ಇ-ವೇ ಬಿಲ್, ಟೆಸ್ಟ್ ಸರ್ಟಿಫಿಕೇಟ್ ಅಂತ ಒಂದೇ ಹೀಟ್ ನಂಬರನ್ನು (ಕುಲುಮೆಯ ಒಂದು ಕರಗಿಸುವಿಕೆಗೆ ಕೊಡುವ ನಂಬರ್) ನಾಲ್ಕು ಕಡೆ ಟೈಪ್ ಮಾಡಬೇಕಾಗುತ್ತದೆ. ಆ ಟೈಪಿಂಗನ್ನು ಸ್ಕ್ರಿಪ್ಟ್‌ಗಳಿಗೆ ಒಪ್ಪಿಸಿ ವರ್ಷಗಳಾದವು. ವಿಂಡೋಸ್‌ನಲ್ಲಿ ನಮ್ಮ ಬದಲು ಕೀಲಿ ಒತ್ತುವ, ಕ್ಲಿಕ್ ಮಾಡುವ ಇಂಥ ಸ್ಕ್ರಿಪ್ಟ್ ಬರೆಯುವ ಭಾಷೆಗಳೇ ಆಟೊಇಟ್ ಮತ್ತು ಆಟೊಹಾಟ್‌ಕೀ. ಅಕ್ಕಪಕ್ಕದ ಆಫೀಸಿನವರು, ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ಬಂದು ಕೇಳುತ್ತಾರೆ. ಸ್ಕ್ರಿಪ್ಟ್ ಬಗ್ಗೆ ಕೇಳುವುದಕ್ಕಿಂತ ಅದನ್ನು ಬರೆಯುವ ಎಡಿಟರ್ ಬಗ್ಗೆ ಕೇಳುವುದೇ ಜಾಸ್ತಿ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಟ್ಟಿಂಗ್, ಫೈಲ್, ಕೀಲಿಗಳ ಹೆಸರನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ನೋಟ್‌ಪ್ಯಾಡ್‌ನಲ್ಲೇ ಬರೆದರೆ ಆಗಲ್ವಾ?

ಆಗುತ್ತದೆ. ಸ್ಕ್ರಿಪ್ಟ್ ಅಂದರೆ ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ಬರೆದದ್ದೂ ಓಡುತ್ತದೆ.

ಆದರೆ ನಮ್ಮ ಸ್ಕ್ರಿಪ್ಟ್‌ಗಳ ಸ್ವಭಾವವೇ ಬೇರೆ. ಬೇರೆ ಪ್ರೋಗ್ರಾಂನಲ್ಲಿ ತಪ್ಪಾದರೆ ಸಾಮಾನ್ಯವಾಗಿ ಒಂದು ಎರರ್ ಬಂದು ನಿಲ್ಲುತ್ತದೆ. ನಮ್ಮದು ಕೀಲಿ ಒತ್ತುವ, ಮೌಸ್ ಕ್ಲಿಕ್ ಮಾಡುವ ಕೆಲಸ. ಯಾವ ಕಿಟಕಿ ಮುಂದೆ ಇದೆಯೋ ಅದರ ಮೇಲೆ ಕೀಲಿಗಳು ಬೀಳುತ್ತವೆ. ಅದು ಸರಿಯಾದ ಕಿಟಕಿಯೋ ಅಲ್ಲವೋ ಎಂದು ಸ್ಕ್ರಿಪ್ಟ್‌ಗೆ ಗೊತ್ತಿಲ್ಲ, ನಾವು ಹೇಳಿಕೊಟ್ಟಿದ್ದರೆ ಮಾತ್ರ ಗೊತ್ತು. ಅದರ ವೇಗವೂ ಕೈಗಿಂತ ಜಾಸ್ತಿ. ನಾವು ನೋಡಿ "ಅಯ್ಯೋ" ಅನ್ನುವಷ್ಟರಲ್ಲಿ ಕೆಲವು ಎಂಟ್ರಿ ಮುಗಿದಿರುತ್ತವೆ.

ಫೌಂಡ್ರಿಯವರಿಗೆ ಇದನ್ನು ಹೇಳುವುದು ಸುಲಭ. ಪ್ಯಾಟರ್ನ್‌ನಲ್ಲಿ, ಅಂದರೆ ಅಚ್ಚು ತೆಗೆಯುವ ಮಾದರಿಯಲ್ಲಿ, ಒಂದು ಗೀರು ಇದ್ದರೆ ಅದರಿಂದ ಬರುವ ಪ್ರತಿ ಎರಕದಲ್ಲೂ ಆ ಗೀರು ಇರುತ್ತದೆ. ಅದನ್ನು ಪ್ಯಾಟರ್ನ್ ಶಾಪ್‌ನಲ್ಲೇ ಹಿಡಿಯಬೇಕು, ಕಬ್ಬಿಣ ಸುರಿದ ಮೇಲಲ್ಲ. ಸ್ಕ್ರಿಪ್ಟ್‌ಗೆ ಎಡಿಟರ್ರೇ ಪ್ಯಾಟರ್ನ್ ಶಾಪ್. ನಾನು ಎಡಿಟರ್‌ನಲ್ಲಿ ಮಾಡಿಕೊಂಡಿರುವ ಬದಲಾವಣೆಗಳೆಲ್ಲ ಹೆಚ್ಚುಕಡಿಮೆ ಒಂದೊಂದು ತಪ್ಪಿನಿಂದ ಬಂದವು. ಚೆಂದ ಕಾಣಲಿ ಅಂತ ಮಾಡಿದ್ದು ಕಡಿಮೆ.

ಯಾವ ಎಡಿಟರ್ ಹಾಕಿಕೊಳ್ಳಲಿ?

ಆಟೊಇಟ್ ಬರೆಯುವವರಿಗೆ ಸೈಟ್ (SciTE). ಸಿಂಟಿಲಾ ಎಂಬ ಪಠ್ಯ ಘಟಕದ ಮೇಲೆ ನೀಲ್ ಹಾಡ್ಜ್‌ಸನ್ 1999ರಲ್ಲಿ ಶುರುಮಾಡಿದ ಎಡಿಟರ್ ಇದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಒಳಗಿರುವುದೂ ಅದೇ ಸಿಂಟಿಲಾ. ಆಟೊಇಟ್‌ಗಾಗಿಯೇ ಸಿದ್ಧಪಡಿಸಿದ ಸೈಟ್ ಪ್ಯಾಕೇಜ್ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನೇ ಹಾಕಿಕೊಳ್ಳಿ. ಆಟೊಇಟ್ ಜೊತೆ ಬರುವ ಚಿಕ್ಕ ಸೈಟ್‌ನಲ್ಲಿ ಮುಖ್ಯವಾದ ಉಪಕರಣಗಳು ಇರುವುದಿಲ್ಲ. ದೊಡ್ಡ ಪ್ಯಾಕೇಜ್‌ನಲ್ಲಿ ಕೋಡ್ ಒಪ್ಪ ಮಾಡುವ ಟೈಡಿ, ಕಂಪೈಲ್ (ಸ್ಕ್ರಿಪ್ಟನ್ನು ಇಎಕ್ಸ್‌ಇ ಮಾಡುವ) ಆಯ್ಕೆಗಳನ್ನು ನೋಡಿಕೊಳ್ಳುವ ವ್ರ್ಯಾಪರ್, ಸೆಟ್ಟಿಂಗ್ ಬದಲಿಸುವ ಸೈಟ್ ಕಾನ್ಫಿಗ್ ಎಲ್ಲ ಇವೆ.

ಆಟೊಹಾಟ್‌ಕೀ ಬರೆಯುವವರಿಗೆ ಈಗ ನಾನು ಹೇಳುವುದು ವಿಎಸ್ ಕೋಡ್ ಎಂಬ ಎಡಿಟರ್, ಜೊತೆಗೆ ಅದಕ್ಕೆ ಸೇರಿಸಿಕೊಳ್ಳುವ ಆಟೊಹಾಟ್‌ಕೀ 2ನೇ ಆವೃತ್ತಿಯ ಎಕ್ಸ್‌ಟೆನ್ಶನ್. ಆಟೊಹಾಟ್‌ಕೀಗೂ ಸೈಟ್ ಪ್ಯಾಕೇಜ್ ಇದೆ. ಹಳೆಯ, ನಿಧಾನದ ಕಂಪ್ಯೂಟರಿಗೆ ಅದು ಹಗುರ.

ಎರಡನ್ನೂ ಹಾಕಿಕೊಂಡು ಯಾವುದು ಮೇಲು ಎಂದು ವಾರಗಟ್ಟಲೆ ಹೋಲಿಸುತ್ತ ಕೂರಬೇಡಿ. ಒಂದನ್ನು ಹಿಡಿಯಿರಿ.

ಸೈಟ್‌ನಲ್ಲಿ ಸೆಟ್ಟಿಂಗ್ ಎಲ್ಲಿ ಬರೆಯಬೇಕು? ನಾನು ಬದಲಿಸಿದ್ದೆಲ್ಲ ಹೊಸ ಆವೃತ್ತಿ ಹಾಕಿದಾಗ ಹೋಯ್ತು.

ಗ್ಲೋಬಲ್ ಫೈಲ್‌ನಲ್ಲಿ ಬರೆದಿರುತ್ತೀರಿ, ಅದಕ್ಕೇ ಹೋಯಿತು. ಸೈಟ್‌ನಲ್ಲಿ ಸೆಟ್ಟಿಂಗ್ ಅಂದರೆ ಪ್ರಾಪರ್ಟೀಸ್ ಎಂಬ ಸಾದಾ ಪಠ್ಯ ಫೈಲ್. ಎಡಕ್ಕೆ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಅದಕ್ಕೆ ಕೊಡುವ ಮೌಲ್ಯ. ಇಂಥ ಫೈಲ್‌ಗಳು ಪದರ ಪದರವಾಗಿ ಇವೆ. ಎಲ್ಲಕ್ಕಿಂತ ಕೆಳಗೆ ಗ್ಲೋಬಲ್. ಅದರ ಮೇಲೆ ಯೂಸರ್. ಅದಕ್ಕೂ ಮೇಲೆ, ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲೇ ನೀವು ಇಡಬಹುದಾದ ಲೋಕಲ್. ಒಂದೇ ಹೆಸರು ಎರಡು ಕಡೆ ಇದ್ದರೆ ಮೇಲಿನ ಪದರದ್ದೇ ನಡೆಯುತ್ತದೆ.

ಗ್ಲೋಬಲ್ ಫೈಲ್ ಇನ್‌ಸ್ಟಾಲರ್‌ಗೆ ಸೇರಿದ್ದು. ಓದಿ, ಅದರಿಂದ ಸಾಲು ಕಾಪಿ ಮಾಡಿಕೊಳ್ಳಿ, ಆದರೆ ಅಲ್ಲಿ ಬರೆಯಬೇಡಿ. ಆಪ್ಶನ್ಸ್ ಮೆನುವಿನಲ್ಲಿ ಯೂಸರ್ ಆಪ್ಶನ್ಸ್ ಫೈಲ್ ತೆರೆಯಿರಿ. ನಿಮ್ಮದೆಲ್ಲ ಅಲ್ಲಿ. ಟ್ಯಾಬ್ ಅಗಲ, ಫಾಂಟ್, ಬಣ್ಣ, ನಿಮ್ಮ ಸ್ವಂತ ಮೆನು ಆಜ್ಞೆಗಳು, ಎಲ್ಲವೂ. ಉಳಿಸಿದ ಕೂಡಲೇ ಹೆಚ್ಚಿನವು ಜಾರಿಗೆ ಬರುತ್ತವೆ, ಮುಚ್ಚಿ ತೆರೆಯಬೇಕಿಲ್ಲ.

ಪ್ರತಿ ಬದಲಾವಣೆಯ ಮೇಲೆ ಹ್ಯಾಶ್ ಚಿಹ್ನೆ ಹಾಕಿ ಒಂದು ಸಾಲು ಕನ್ನಡದಲ್ಲಿ ಬರೆಯಿರಿ, ಇದನ್ನು ಯಾಕೆ ಹಾಕಿದೆ ಅಂತ. ಆರು ತಿಂಗಳಾದ ಮೇಲೆ ನಿಮಗೇ ಬೇಕಾಗುತ್ತದೆ.

ವಿಎಸ್ ಕೋಡ್‌ನಲ್ಲೂ ಇದೇ ಪದರಗಳಿವೆ. ಯೂಸರ್ ಸೆಟ್ಟಿಂಗ್ಸ್ ಒಂದು, ಫೋಲ್ಡರ್‌ಗೆ ಮಾತ್ರ ಸೇರಿದ ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್ ಇನ್ನೊಂದು.

ಟೆಸ್ಟ್ ಮಾಡುವ ಸ್ಕ್ರಿಪ್ಟ್ ಯಾವುದು, ನಿಜವಾದ ಕೆಲಸದ್ದು ಯಾವುದು ಎಂದು ಗೊಂದಲ ಆಗುತ್ತದೆ. ಏನು ಮಾಡಲಿ?

ಇದನ್ನು ಯಾರಾದರೂ ಕೇಳಿದರೆ ನಾನು ಕೈಲಿರುವ ಕೆಲಸ ಬಿಟ್ಟು ಉತ್ತರ ಹೇಳುತ್ತೇನೆ.

ಒಂದು ತಿಂಗಳ ಕೊನೆಯ ದಿನ. ಎರಡು ಟ್ಯಾಬ್ ತೆರೆದಿದ್ದೆ. ಒಂದು ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಪರೀಕ್ಷೆಗೆಂದು ಇಟ್ಟ ಟೆಸ್ಟ್ ಕಂಪನಿಗೆ ಬಿಲ್ ಹಾಕುವ ಸ್ಕ್ರಿಪ್ಟ್, ಇನ್ನೊಂದು ನಿಜವಾದ ಖಾತೆಗೆ. ನೋಡಲು ಎರಡೂ ಒಂದೇ. ಟೆಸ್ಟ್ ಎಂದುಕೊಂಡು ಎಫ್5 ಒತ್ತಿದೆ. ಪಕ್ಕದ ಟೇಬಲಿನ ಹಿರಿಯರು ಸ್ಕ್ರೀನ್ ನೋಡಿ, "ಅಲ್ರೀ, ಬಿಲ್ ನಂಬರ್ ಯಾಕ ತಾನ ಮುಂದ ಹೊಂಟೈತಿ?" ಅಂದರು. ನಿಲ್ಲಿಸುವಷ್ಟರಲ್ಲಿ ನಾಲ್ಕೈದು ಬಿಲ್ ನಿಜವಾದ ಖಾತೆಯಲ್ಲಿ ಕೂತಿದ್ದವು. ಜಿಎಸ್‌ಟಿ ನಿಯಮದಂತೆ ಬಿಲ್ ನಂಬರ್ ಸರಣಿಯಾಗಿ ಇರಬೇಕು. ಸುಮ್ನೆ ಅಳಿಸಿದರೆ ನಡುವೆ ಖಾಲಿ ಬೀಳುತ್ತದೆ, ಅದಕ್ಕೆ ವಿವರಣೆ ಕೊಡಬೇಕಾಗುತ್ತದೆ. ಆ ಸಂಜೆ ಒಂದೊಂದನ್ನೂ ರದ್ದು ಎಂದು ತೋರಿಸಿ, ದಾಖಲೆ ಬರೆದಿಟ್ಟು ಮನೆಗೆ ಹೋದಾಗ ರಾತ್ರಿಯಾಗಿತ್ತು.

ಮರುದಿನ ಬೆಳಗ್ಗೆ ಮೊದಲು ಮಾಡಿದ ಕೆಲಸ ಇದು. ನಿಜವಾದ ಸ್ಕ್ರಿಪ್ಟ್‌ಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ಹಾಕಿದೆ. ಆ ಫೋಲ್ಡರ್‌ನಲ್ಲಿ ಒಂದು ಲೋಕಲ್ ಫೈಲ್ ಇಟ್ಟೆ. ಅದರ ಹೆಸರು ಸೈಟ್ ಡಾಟ್ ಪ್ರಾಪರ್ಟೀಸ್, ಮುಂದೆ ಹಿಂದೆ ಬೇರೇನೂ ಇಲ್ಲ. ಅದರಲ್ಲಿ ಎರಡೇ ವಿಷಯ.

ಮೊದಲನೆಯದು ಬಣ್ಣ. ಸೈಟ್‌ನಲ್ಲಿ ಪ್ರತಿ ಬಗೆಯ ಪಠ್ಯಕ್ಕೂ ಒಂದು ಸ್ಟೈಲ್ ಸಂಖ್ಯೆ ಇದೆ. 32 ಅಂದರೆ ಮೂಲ ಸ್ಟೈಲ್, ಇಡೀ ಪುಟದ ಹಿನ್ನೆಲೆ ಅದರಿಂದ ಬರುತ್ತದೆ. ಲೋಕಲ್ ಫೈಲ್‌ನಲ್ಲಿ 32ರ ಹಿನ್ನೆಲೆಯನ್ನು ತಿಳಿಗೆಂಪು ಮಾಡಿದೆ. ಈಗ ನಿಜವಾದ ಸ್ಕ್ರಿಪ್ಟ್ ತೆರೆದರೆ ಪುಟವೇ ಕೆಂಪಗೆ ಕಾಣುತ್ತದೆ, ಟೆಸ್ಟ್ ಸ್ಕ್ರಿಪ್ಟ್ ಬಿಳಿ. ಕೆಲವು ಪದಗಳ ಹಿಂದೆ ಮಾತ್ರ ಬಿಳಿ ಉಳಿದರೆ, ಆ ಸ್ಟೈಲ್‌ಗೆ ತನ್ನದೇ ಹಿನ್ನೆಲೆ ಬಣ್ಣ ಬರೆದಿದೆ ಎಂದರ್ಥ. ಆ ಸಂಖ್ಯೆಯನ್ನೂ ಲೋಕಲ್ ಫೈಲ್‌ನಲ್ಲಿ ಬದಲಿಸಿ.

ಎರಡನೆಯದು ಎಫ್5. ಆ ಕೀಲಿ ಒತ್ತಿದರೆ ಓಡುವುದು ಕಮಾಂಡ್ ಡಾಟ್ ಗೋ ಎಂಬ ಸೆಟ್ಟಿಂಗ್. ಆಟೊಇಟ್ ಪ್ರಾಪರ್ಟೀಸ್ ಫೈಲ್‌ನಲ್ಲಿ ಆ ಸಾಲು ಹೇಗಿದೆಯೋ ಹಾಗೇ ಹೆಸರನ್ನು ಕಾಪಿ ಮಾಡಿ, ಬಲಗಡೆ ಸ್ಕ್ರಿಪ್ಟ್ ಓಡಿಸುವ ಬದಲು ಎಯು3 ಚೆಕ್ ಎಂಬ ಪರೀಕ್ಷಕವನ್ನು ಕೊಟ್ಟೆ. ಈಗ ಕೆಂಪು ಪುಟದಲ್ಲಿ ಎಫ್5 ಒತ್ತಿದರೆ ತಪ್ಪು ಹುಡುಕುತ್ತದೆ ಅಷ್ಟೇ, ಓಡುವುದಿಲ್ಲ. ನಿಜವಾಗಿ ಓಡಿಸಬೇಕಾದರೆ ಫೋಲ್ಡರ್‌ಗೆ ಹೋಗಿ ಡಬಲ್ ಕ್ಲಿಕ್ ಮಾಡಬೇಕು. ಅಷ್ಟು ದೂರ ಹೋಗುವಾಗ ಮನಸ್ಸು ಒಮ್ಮೆ ಯೋಚಿಸುತ್ತದೆ, ಅಲ್ವಾ? ಅಷ್ಟು ಸಾಕು.

ವಿಎಸ್ ಕೋಡ್‌ನಲ್ಲಿ ವರ್ಕ್‌ಸ್ಪೇಸ್ ಸೆಟ್ಟಿಂಗ್‌ನಿಂದ ಟೈಟಲ್ ಬಾರ್, ಸ್ಟೇಟಸ್ ಬಾರ್ ಬಣ್ಣ ಬದಲಿಸಬಹುದು. ಕಲರ್ ಕಸ್ಟಮೈಸೇಶನ್ಸ್ ಎಂದು ಹುಡುಕಿ. ಅದೇ ಫಲ.

ಓಡುತ್ತಿರುವ ಸ್ಕ್ರಿಪ್ಟನ್ನು ತಕ್ಷಣ ನಿಲ್ಲಿಸುವುದು ಹೇಗೆ? ನನ್ನ ಲ್ಯಾಪ್‌ಟಾಪ್‌ನಲ್ಲಿ ಬ್ರೇಕ್ ಕೀಲಿಯೇ ಇಲ್ಲ.

ಸೈಟ್‌ನಲ್ಲಿ ಕಂಟ್ರೋಲ್ ಮತ್ತು ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿ ಇಲ್ಲ. ಆಟೊಇಟ್‌ನಲ್ಲಿ ಗಡಿಯಾರದ ಪಕ್ಕದ ಚಿಕ್ಕ ಐಕಾನ್ ಮೇಲೆ ಕ್ಲಿಕ್ ಮಾಡಿದರೂ ಸ್ಕ್ರಿಪ್ಟ್ ತಡೆದು ನಿಲ್ಲುತ್ತದೆ. ಆದರೆ ಸ್ಕ್ರಿಪ್ಟೇ ಮೌಸ್ ಓಡಿಸುತ್ತಿದ್ದರೆ ಕ್ಲಿಕ್ ಮಾಡುವುದು ಎಲ್ಲಿ?

ಹಾಗಾಗಿ ಪ್ರತಿ ಸ್ಕ್ರಿಪ್ಟ್‌ನ ತಲೆಯಲ್ಲೇ ನಿಲ್ಲಿಸುವ ಕೀಲಿ ಬರೆಯಿರಿ. ಆಟೊಇಟ್‌ನಲ್ಲಿ ಹಾಟ್‌ಕೀಸೆಟ್, ಆಟೊಹಾಟ್‌ಕೀಯಲ್ಲಿ ಎಕ್ಸಿಟ್‌ಆ್ಯಪ್ ಇರುವ ಒಂದು ಹಾಟ್‌ಕೀ. ಎಸ್ಕೇಪ್ ಕೀಲಿ ಬೇಡ. ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹಿಂದೆ ಹೋಗಲು ಅದನ್ನೇ ಒತ್ತುತ್ತೇವೆ, ಅಭ್ಯಾಸಬಲದಿಂದ ಒತ್ತಿಬಿಡುತ್ತೇವೆ. ನಾನು ಕಂಟ್ರೋಲ್, ಶಿಫ್ಟ್, ಕ್ಯೂ ಮೂರನ್ನೂ ಸೇರಿಸಿ ಇಟ್ಟಿದ್ದೇನೆ. ನಮ್ಮ ಆಫೀಸಿನಲ್ಲಿ ಎಲ್ಲ ಸ್ಕ್ರಿಪ್ಟ್‌ಗೂ ಅದೇ. ಯಾರು ಕೂತಿದ್ದರೂ ಗೊತ್ತಿರಲಿ ಅಂತ ಮಾನಿಟರ್ ಅಂಚಿಗೆ ಚೀಟಿ ಅಂಟಿಸಿದ್ದೇವೆ.

ಇದನ್ನು ಪ್ರತಿ ಸಲ ನೆನಪಿಟ್ಟು ಬರೆಯುವುದು ಆಗದ ಮಾತು. ಅದಕ್ಕೇ ಮುಂದಿನ ಪ್ರಶ್ನೆ.

ಚಿಕ್ಕ ಪದ ಟೈಪ್ ಮಾಡಿದರೆ ಇಡೀ ಕೋಡ್ ಬರುವಂತೆ ಮಾಡಬಹುದೇ?

ಮಾಡಬಹುದು. ಸೈಟ್‌ನಲ್ಲಿ ಇದಕ್ಕೆ ಅಬ್ರಿವಿಯೇಶನ್ಸ್ ಫೈಲ್ ಇದೆ, ಆಪ್ಶನ್ಸ್ ಮೆನುವಿನಿಂದಲೇ ತೆರೆಯುತ್ತದೆ. ಎಡಕ್ಕೆ ಚಿಕ್ಕ ಪದ, ಸಮ ಚಿಹ್ನೆ, ಬಲಕ್ಕೆ ಪೂರ್ತಿ ಕೋಡ್. ಹೊಸ ಸಾಲು ಬೇಕಾದಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಎನ್. ಕರ್ಸರ್ ಎಲ್ಲಿ ನಿಲ್ಲಬೇಕೋ ಅಲ್ಲಿ ಒಂದು ನೆಟ್ಟನೆ ಗೆರೆ. ಕೋಡ್‌ನಲ್ಲೇ ಆ ಗೆರೆ ಬೇಕಿದ್ದರೆ ಎರಡು ಸಲ ಹಾಕಬೇಕು. ಎಡಿಟರ್‌ನಲ್ಲಿ ಚಿಕ್ಕ ಪದ ಬರೆದು ಕಂಟ್ರೋಲ್ ಮತ್ತು ಬಿ ಒತ್ತಿದರೆ ಪೂರ್ತಿ ಬರುತ್ತದೆ.

ವಿಎಸ್ ಕೋಡ್‌ನಲ್ಲಿ ಇದಕ್ಕೆ ಸ್ನಿಪೆಟ್ ಅನ್ನುತ್ತಾರೆ. ಜೇಸನ್ ಫೈಲ್‌ನಲ್ಲಿ ಬರೆಯಬೇಕು. ಪ್ರಿಫಿಕ್ಸ್, ಬಾಡಿ, ಡಿಸ್ಕ್ರಿಪ್ಶನ್ ಅಂತ ಮೂರು ಭಾಗ. ಟ್ಯಾಬ್ ಒತ್ತುತ್ತ ಒಂದೊಂದು ಜಾಗಕ್ಕೆ ಹೋಗಿ ತುಂಬಬಹುದು, ಇದು ಸೈಟ್‌ಗಿಂತ ಚೆನ್ನಾಗಿದೆ.

ನನ್ನ ಮೊದಲ ಸ್ನಿಪೆಟ್‌ನ ಹೆಸರು "ಅಚ್ಚು". ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. ಅದರಿಂದ ಏನೇನು ಬರುತ್ತದೆ ಎಂದು ಹೇಳುತ್ತೇನೆ, ಯಾಕೆಂದರೆ ಉಳಿದ ಯಾವ ಬದಲಾವಣೆಗಿಂತಲೂ ಇದು ನನ್ನ ಶ್ರಮವನ್ನು ಹೆಚ್ಚು ಉಳಿಸಿದೆ. ಮೊದಲ ಸಾಲು ನಿಲ್ಲಿಸುವ ಕೀಲಿ. ಆಮೇಲೆ, ವೇರಿಯೇಬಲ್‌ಗಳನ್ನು (ಮೌಲ್ಯ ಇಟ್ಟುಕೊಳ್ಳುವ ಹೆಸರುಗಳನ್ನು) ಘೋಷಿಸದೆ ಬಳಸಬಾರದು ಎಂಬ ಆಜ್ಞೆ. ಇದಿಲ್ಲದಿದ್ದರೆ ಮೊತ್ತ ಎಂಬ ವೇರಿಯೇಬಲ್‌ಗೆ ಮೌಲ್ಯ ಹಾಕುವಾಗ ಒಂದು ಅಕ್ಷರ ತಪ್ಪಿದರೂ ಆಟೊಇಟ್ ಅದನ್ನು ಹೊಸ ವೇರಿಯೇಬಲ್ ಎಂದುಕೊಂಡು ಮುಂದೆ ಹೋಗುತ್ತದೆ, ಹಳೆಯ ಮೊತ್ತ ಹಾಗೇ ಉಳಿಯುತ್ತದೆ. ನಂತರ ಕಿಟಕಿ ಬರುವವರೆಗೆ ಕಾಯುವ ಸಾಲು, ಅದಕ್ಕೊಂದು ಸಮಯದ ಮಿತಿ, ಮಿತಿ ಮೀರಿದರೆ ಸಂದೇಶ ತೋರಿಸಿ ನಿಲ್ಲುವ ಸಾಲು. ಕೊನೆಗೆ, ಮಾಡಿದ ಪ್ರತಿ ಎಂಟ್ರಿಯನ್ನೂ ವೇಳೆಯೊಂದಿಗೆ ಒಂದು ಪಠ್ಯ ಫೈಲ್‌ಗೆ ಬರೆಯುವ ಫಂಕ್ಷನ್, ಅಂದರೆ ಒಂದು ಕೆಲಸಕ್ಕೆಂದು ಹೆಸರಿಟ್ಟ ಕೋಡ್ ತುಂಡು.

ಸಮಯದ ಮಿತಿ ಇಲ್ಲದೆ ಕಾಯುವ ಸಾಲನ್ನು ಮಾತ್ರ ಬರೆಯಬೇಡಿ. ಕಿಟಕಿಯ ಹೆಸರು ಬದಲಾದರೆ ಸ್ಕ್ರಿಪ್ಟ್ ಸದ್ದಿಲ್ಲದೆ ಸಂಜೆವರೆಗೂ ಕಾಯುತ್ತ ಕೂರುತ್ತದೆ.

ನಾನೇ ಬರೆದ ಫಂಕ್ಷನ್‌ಗಳಿಗೂ ಬಣ್ಣ, ಸುಳಿವು ಬರುವಂತೆ ಮಾಡುವುದು ಹೇಗೆ?

ಆಟೊಇಟ್ ಸೈಟ್‌ನಲ್ಲಿ ಎರಡು ಫೈಲ್ ಇವೆ. ಯೂಸರ್ ಯುಡಿಎಫ್ಸ್ ಪ್ರಾಪರ್ಟೀಸ್ ಫೈಲ್ ಬಣ್ಣಕ್ಕೆ. ಯೂಸರ್ ಕಾಲ್‌ಟಿಪ್ಸ್ ಎಪಿಐ ಫೈಲ್ ಸುಳಿವಿಗೆ, ಅಂದರೆ ಆವರಣ ತೆರೆದ ಕೂಡಲೇ ಕಾಣುವ ಚಿಕ್ಕ ಪೆಟ್ಟಿಗೆಗೆ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಬಣ್ಣದ ಫೈಲ್‌ನಲ್ಲಿ ಫಂಕ್ಷನ್ ಹೆಸರನ್ನು ಪೂರ್ತಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಸುಳಿವಿನ ಫೈಲ್‌ನಲ್ಲಿ ನೀವು ಕೋಡ್‌ನಲ್ಲಿ ಹೇಗೆ ಬರೆಯುತ್ತೀರೋ ಹಾಗೆ. ಬಣ್ಣ ಬರುತ್ತಿಲ್ಲ ಎಂದು ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರ ಫೈಲ್‌ನಲ್ಲಿ ದೊಡ್ಡಕ್ಷರ ಇದ್ದದ್ದು ಕಂಡಿದ್ದೇನೆ.

ಸುಳಿವಿನ ಸಾಲಿನಲ್ಲಿ ಆವರಣದ ನಂತರ ವಿವರಣೆ ಬರೆಯಬಹುದು. ಫಂಕ್ಷನ್ ಏನು ಮಾಡುತ್ತದೆ ಅನ್ನುವುದಕ್ಕಿಂತ ಏನನ್ನು ಕೊಡಬೇಕು ಎಂದು ಬರೆಯಿರಿ. "ತೂಕ ಕಿಲೋದಲ್ಲಿ, ಟನ್‌ನಲ್ಲಿ ಅಲ್ಲ" ಅನ್ನುವಂಥದ್ದು.

ಸ್ವಂತ ಫಂಕ್ಷನ್‌ಗಳ ಫೈಲ್‌ಗಳನ್ನು ಆಟೊಇಟ್‌ನ ಇನ್‌ಕ್ಲೂಡ್ ಫೋಲ್ಡರ್‌ಗೆ ತುರುಕಬೇಡಿ. ಬೇರೆ ಫೋಲ್ಡರ್ ಮಾಡಿ, ಸೈಟ್ ಕಾನ್ಫಿಗ್‌ನಲ್ಲಿ ಯೂಸರ್ ಇನ್‌ಕ್ಲೂಡ್ ಎಂದು ಅದನ್ನು ತೋರಿಸಿ.

ಸ್ಕ್ರಿಪ್ಟ್‌ನಲ್ಲಿ ಕನ್ನಡ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಯಾಕೆ?

ಮೂರು ಬೇರೆ ಬೇರೆ ಕಾರಣ ಇರಬಹುದು. ಎಲ್ಲಿ ಕಾಣಿಸುತ್ತದೆ ಎಂಬುದರಿಂದ ಗುರುತಿಸಬೇಕು.

ಫೈಲ್ ಉಳಿಸಿ ಮತ್ತೆ ತೆರೆದಾಗಲೇ ಕನ್ನಡ ಕೆಟ್ಟಿದ್ದರೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ರೀತಿ, ತಪ್ಪು. ಸೈಟ್‌ನಲ್ಲಿ ಫೈಲ್ ಮೆನು, ಎನ್‌ಕೋಡಿಂಗ್, ಅಲ್ಲಿ ಬಿಒಎಂ ಇರುವ ಯುಟಿಎಫ್-8 ಆರಿಸಿ. ಬಿಒಎಂ ಅಂದರೆ ಫೈಲ್‌ನ ಮೊದಲಿಗೆ ಕೂರುವ ಒಂದು ಗುರುತು, ಒಳಗಿರುವುದು ಯುಟಿಎಫ್-8 ಎಂದು ಅದು ಹೇಳುತ್ತದೆ. ಆಟೊಹಾಟ್‌ಕೀ 1ನೇ ಆವೃತ್ತಿಗೆ ಆ ಗುರುತು ಬೇಕು. 2ನೇ ಆವೃತ್ತಿ ಗುರುತು ಇಲ್ಲದಿದ್ದರೂ ಯುಟಿಎಫ್-8 ಎಂದೇ ಓದುತ್ತದೆ. ನಾನು ಎಲ್ಲದಕ್ಕೂ ಹಾಕಿಬಿಡುತ್ತೇನೆ. ಹೊಸ ಫೈಲ್‌ಗಳಿಗೂ ಯುಟಿಎಫ್-8 ಬೇಕು ಎಂದಾದರೆ ಯೂಸರ್ ಫೈಲ್‌ನಲ್ಲಿ ಕೋಡ್ ಪೇಜ್ 65001 ಎಂದು ಬರೆಯಿರಿ. ಅದು ಯುಟಿಎಫ್-8ರ ಸಂಖ್ಯೆ.

ಫೈಲ್ ಸರಿಯಿದ್ದು, ಕೆಳಗಿನ ಔಟ್‌ಪುಟ್ ಭಾಗದಲ್ಲಿ ಮಾತ್ರ ಪ್ರಶ್ನಾರ್ಥಕ ಬಂದರೆ ಅದು ಅಲ್ಲಿಗೆ ಪಠ್ಯ ಬರೆಯುವ ಕನ್ಸೋಲ್‌ರೈಟ್ ಆಜ್ಞೆಯ ತೊಡಕು. ಆಟೊಇಟ್ ಪಠ್ಯವನ್ನು ಹಳೆಯ ಎಎನ್‌ಎಸ್‌ಐ ರೂಪಕ್ಕೆ ಇಳಿಸಿ ಕಳಿಸುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಪರಿಹಾರ ಹೀಗೆ. ಔಟ್‌ಪುಟ್ ಕೋಡ್ ಪೇಜನ್ನೂ 65001 ಮಾಡಿ. ಆಮೇಲೆ ಒಂದು ಚಿಕ್ಕ ಫಂಕ್ಷನ್ ಬರೆಯಿರಿ. ಅದು ಸ್ಟ್ರಿಂಗ್‌ಟುಬೈನರಿಯಿಂದ 4 ಎಂಬ ಗುರುತಿನೊಂದಿಗೆ ಪಠ್ಯವನ್ನು ಯುಟಿಎಫ್-8 ಬೈಟ್‌ಗಳಾಗಿ ಮಾಡಬೇಕು, ಬೈನರಿಟುಸ್ಟ್ರಿಂಗ್‌ನಿಂದ 1 ಎಂಬ ಗುರುತಿನೊಂದಿಗೆ ಮತ್ತೆ ಪಠ್ಯವೆಂದು ತೋರಿಸಿ ಕನ್ಸೋಲ್‌ರೈಟ್‌ಗೆ ಕೊಡಬೇಕು. ಇದನ್ನು ನಾನು "ಅಚ್ಚು" ಸ್ನಿಪೆಟ್‌ನಲ್ಲೇ ಸೇರಿಸಿದ್ದೇನೆ. ಲಾಗ್‌ನಲ್ಲಿ ಗಿರಾಕಿಯ ಊರು ಕನ್ನಡದಲ್ಲಿ ಸರಿಯಾಗಿ ಮೂಡಿದ್ದನ್ನು ಮೊದಲ ಸಲ ನೋಡಿದಾಗ ಆದ ಖುಷಿ ಈಗಲೂ ನೆನಪಿದೆ.

ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಂಡರೆ ಮೂರನೆಯ ಕಾರಣ. ಅದು ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು. ಅಲ್ಲಿ ಒಳಗಿರುವುದು ಕನ್ನಡ ಅಕ್ಷರಗಳಲ್ಲ, ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸಿದ ಫಾಂಟ್. ಯುನಿಕೋಡ್‌ನಲ್ಲಿ ಹುಡುಕಿದರೆ ಸ್ಕ್ರಿಪ್ಟ್‌ಗೆ ಅದು ಸಿಗುವುದೇ ಇಲ್ಲ. ಡಿಟಿಪಿ ಅಂಗಡಿಯಿಂದ ಬಂದ ಹಳೆಯ ಫೈಲ್‌ಗಳಲ್ಲಿ ಇದು ಮಾಮೂಲು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸ್ಕ್ರಿಪ್ಟ್‌ಗೆ ಕೊಡಿ.

ಅಕ್ಷರ ಸರಿಯಿದ್ದು ಕಣ್ಣಿಗೆ ಒಗ್ಗದಿದ್ದರೆ ಫಾಂಟ್ ಬದಲಿಸಿ. ಕಾನ್ಸೊಲಾಸ್‌ನಲ್ಲಿ ಕನ್ನಡ ಇಲ್ಲ, ವಿಂಡೋಸ್ ಬೇರೆ ಫಾಂಟ್‌ನಿಂದ ತಂದು ತುಂಬುತ್ತದೆ. ಆಟೊಇಟ್‌ನಲ್ಲಿ ಸ್ಟೈಲ್ 1 ಮತ್ತು 2 ಟಿಪ್ಪಣಿಗಳದ್ದು, 7 ಉದ್ಧರಣೆ ಒಳಗಿನ ಪಠ್ಯದ್ದು. ಆ ಮೂರಕ್ಕೆ ನಿರ್ಮಲ ಯುಐ ಕೊಟ್ಟು ನೋಡಿ.

ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯಬಹುದೇ? ವೇರಿಯೇಬಲ್ ಹೆಸರು?

ಟಿಪ್ಪಣಿ ಖಂಡಿತ ಬರೆಯಿರಿ. ನಮ್ಮಲ್ಲಿ ಸ್ಕ್ರಿಪ್ಟ್ ಓದುವವರು ಲೆಕ್ಕ ಬರೆಯುವ ಜನ, ಸಾಫ್ಟ್‌ವೇರ್ ಕಂಪನಿಯವರಲ್ಲ. ಬೆಳಗಾವಿಯ ಆಫೀಸುಗಳಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲವರು ಇರುತ್ತಾರೆ. ಯುಟಿಎಫ್-8 ಇದ್ದರೆ ಒಂದೇ ಫೈಲ್‌ನಲ್ಲಿ ಎರಡೂ ಇರಬಹುದು, ಯಾವ ತಕರಾರೂ ಇಲ್ಲ.

ವೇರಿಯೇಬಲ್ ಹೆಸರು ಆಟೊಇಟ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಆಟೊಹಾಟ್‌ಕೀ ಕನ್ನಡವನ್ನೂ ಒಪ್ಪುತ್ತದೆ. ಆದರೂ ನಾನು ಹೆಸರನ್ನು ಕನ್ನಡದಲ್ಲಿ ಇಡುವುದಿಲ್ಲ. ಬರೆಯುತ್ತ ಬರೆಯುತ್ತ ಕೀಬೋರ್ಡ್ ಬದಲಿಸಬೇಕು, ಕೈ ಕಟ್ಟಿದಂತಾಗುತ್ತದೆ.

"ಬೆಳಗಾವಿ" ಎಂದು ಹುಡುಕಿದರೆ ಸಿಗುತ್ತದೆ, "ಸಾಫ್ಟ್‌ವೇರ್" ಎಂದರೆ ಸಿಗಲ್ಲ. ಏನು ಕಾರಣ?

ನಿಮ್ಮ ಪದದಲ್ಲಿ ಕಣ್ಣಿಗೆ ಕಾಣದ ಅಕ್ಷರ ಇದೆ. ಸಾಫ್ಟ್ ಮತ್ತು ವೇರ್ ನಡುವೆ ವತ್ತು ಕೂಡದಂತೆ ತಡೆಯಲು ಜೀರೊ ವಿಡ್ತ್ ನಾನ್ ಜಾಯಿನರ್ ಎಂಬ ಗುರುತು ಹಾಕುತ್ತೇವೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಪದ. ಕಿಟಕಿಯ ಹೆಸರು, ಗಿರಾಕಿಯ ಹೆಸರು ಹೊಂದಿಸುವಾಗ ಇದು ತುಂಬ ಕಾಡುತ್ತದೆ. ವಿಎಸ್ ಕೋಡ್‌ನಲ್ಲಿ ಯುನಿಕೋಡ್ ಹೈಲೈಟ್ ಎಂಬ ಸೆಟ್ಟಿಂಗ್ ಇದೆ, ಅಗೋಚರ ಅಕ್ಷರದ ಸುತ್ತ ಚೌಕ ಹಾಕಿ ತೋರಿಸುತ್ತದೆ. ಹೋಲಿಸುವ ಮೊದಲು ಎರಡೂ ಕಡೆಯಿಂದ ಆ ಗುರುತನ್ನು ತೆಗೆದುಹಾಕುವುದು ನನ್ನ ಪದ್ಧತಿ.

ಉದ್ದ ಎಣಿಸುವಾಗಲೂ ಹುಷಾರು. "ಬೆಳಗಾವಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಆಟೊಇಟ್ ಆಗಲಿ ಆಟೊಹಾಟ್‌ಕೀ ಆಗಲಿ 7 ಎನ್ನುತ್ತದೆ, ಯಾಕೆಂದರೆ ಎತ್ವ, ದೀರ್ಘ, ಗುಡಿಸು ಪ್ರತ್ಯೇಕ ಗುರುತುಗಳು. ಸೈಟ್‌ನೊಳಗಿನ ಲುವಾ ಭಾಷೆಯಲ್ಲಿ ಉದ್ದ ಕೇಳಿದರೆ 21 ಬರುತ್ತದೆ. ಅದು ಬೈಟ್ ಎಣಿಸುತ್ತದೆ, ಕನ್ನಡದ ಪ್ರತಿ ಗುರುತಿಗೂ ಯುಟಿಎಫ್-8ರಲ್ಲಿ 3 ಬೈಟ್. ಪಠ್ಯವನ್ನು ಕತ್ತರಿಸುವ ಸಾಲು ಬರೆಯುವಾಗ ಇದು ನೆನಪಿರಲಿ. ಇಲ್ಲದಿದ್ದರೆ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ.

ಲುವಾ ಕಲಿಯಲೇಬೇಕಾ?

ಬೇಕಿಲ್ಲ. ಸೈಟ್‌ನ ಟೂಲ್ಸ್ ಮೆನುವಿಗೆ ಹೊಸ ಆಜ್ಞೆ ಸೇರಿಸಲು ಪ್ರಾಪರ್ಟೀಸ್ ಸಾಕು. ಕಮಾಂಡ್ ನೇಮ್ ಎಂದು ಹೆಸರು, ಕಮಾಂಡ್ ಎಂದು ಓಡಬೇಕಾದದ್ದು, ಕಮಾಂಡ್ ಶಾರ್ಟ್‌ಕಟ್ ಎಂದು ಕೀಲಿ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಬೇಕು. ಆಟೊಇಟ್ ಪ್ಯಾಕೇಜ್ ಈಗಾಗಲೇ ಬಹಳಷ್ಟು ಸಂಖ್ಯೆ ಬಳಸಿಕೊಂಡಿದೆ. ಹಾಗಾಗಿ ಅದರ ಪ್ರಾಪರ್ಟೀಸ್ ಫೈಲ್ ನೋಡಿ ಖಾಲಿ ಇರುವ ಸಂಖ್ಯೆ ಹಿಡಿಯಿರಿ. ನನ್ನ ಮೆನುವಿನಲ್ಲಿ "ಇಂದಿನ ಲಾಗ್ ತೆರೆ" ಅಂತ ಒಂದಿದೆ, ದಿನಕ್ಕೆ ಹತ್ತು ಸಲ ಒತ್ತುತ್ತೇನೆ.

ಎಡಿಟರ್ ಒಳಗಿನ ಪಠ್ಯವನ್ನೇ ಮುಟ್ಟಬೇಕು ಅನ್ನಿಸಿದಾಗ ಲುವಾ ಬೇಕು. ಫೈಲ್ ತೆರೆದಾಗ, ಉಳಿಸಿದಾಗ, ಅಕ್ಷರ ಒತ್ತಿದಾಗ ನಿಮ್ಮ ಫಂಕ್ಷನ್ ತಾನೇ ಓಡುವಂತೆ ಮಾಡಬಹುದು. ನಾನು ಬರೆದದ್ದು ಒಂದೇ. ಫೈಲ್ ಉಳಿಸಿದ ಕೂಡಲೇ ಇಡೀ ಪಠ್ಯ ಓದಿ, ನಿಲ್ಲಿಸುವ ಕೀಲಿಯ ಸಾಲು ಇಲ್ಲದಿದ್ದರೆ ಔಟ್‌ಪುಟ್ ಭಾಗದಲ್ಲಿ ಎಚ್ಚರಿಕೆ ಮುದ್ರಿಸುತ್ತದೆ. ಹತ್ತು ಸಾಲಿನ ಕೋಡ್. ಆಟೊಇಟ್ ಪ್ಯಾಕೇಜ್‌ನಲ್ಲಿ ಅದರದೇ ಲುವಾ ಸ್ಕ್ರಿಪ್ಟ್ ಇದೆ. ಅದನ್ನು ಪಕ್ಕಕ್ಕೆ ಸರಿಸಿ ನಿಮ್ಮದನ್ನು ಕೂರಿಸಿದರೆ ಅದರ ಸೌಕರ್ಯಗಳು ನಿಂತುಹೋಗುತ್ತವೆ. ಅದರ ಜೊತೆಗೇ ಸೇರಿಸಿ.

ಎಡಿಟರ್‌ನಲ್ಲಿ ಎಲ್ಲ ಸರಿ, ಆದರೆ ಬಿಲ್ಲಿಂಗ್ ಕಿಟಕಿ ಕೀಲಿಗಳನ್ನೇ ತಗೊಳ್ತಿಲ್ಲ.

ಬಿಲ್ಲಿಂಗ್ ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆಯೇ ನೋಡಿ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ ಕಿಟಕಿಗೆ ಕೀಲಿ ಕಳಿಸದಂತೆ ವಿಂಡೋಸ್ ತಡೆಯುತ್ತದೆ. ಎರರ್ ಸಹ ಬರುವುದಿಲ್ಲ. ಆಟೊಇಟ್‌ನಲ್ಲಿ ರಿಕ್ವೈರ್‌ಅಡ್ಮಿನ್ ಸಾಲು ಸೇರಿಸಿ. ಅದಕ್ಕಿಂತ ಒಳ್ಳೆಯದು, ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಆ ಅಧಿಕಾರ ನಿಜವಾಗಿ ಬೇಕೇ ಎಂದು ಕೇಳಿ ತಿಳಿದುಕೊಳ್ಳಿ.

ಇನ್ನೊಂದು, ಕ್ಲಿಕ್ ಬೇರೆ ಜಾಗಕ್ಕೆ ಬೀಳುತ್ತಿದ್ದರೆ ಸ್ಕ್ರೀನ್ ಅಳತೆ 125 ಪ್ರತಿಶತ ಆಗಿರಬಹುದು. ಮೌಸ್ ಜಾಗ ಹೇಳುವ ಬದಲು ಬಟನ್‌ನ ಹೆಸರು ಹೇಳುವ ಕಂಟ್ರೋಲ್‌ಕ್ಲಿಕ್ ಬಳಸಿ. ಹೆಸರು ತಿಳಿಯಲು ಆಟೊಇಟ್‌ನಲ್ಲಿ ವಿಂಡೋ ಇನ್ಫೊ, ಆಟೊಹಾಟ್‌ಕೀಯಲ್ಲಿ ವಿಂಡೋ ಸ್ಪೈ ಇದೆ. ಎರಡನ್ನೂ ಎಡಿಟರ್‌ನ ಮೆನುವಿಗೆ ಒಂದು ಕೀಲಿಯೊಂದಿಗೆ ಸೇರಿಸಿಕೊಳ್ಳಿ.

ಬೇರೆಯವರು ಕೊಟ್ಟ ಆಟೊಹಾಟ್‌ಕೀ ಸ್ಕ್ರಿಪ್ಟ್‌ನಲ್ಲಿ ಪ್ರತಿ ಸಾಲಿಗೂ ಎರರ್.

ಅದು 1ನೇ ಆವೃತ್ತಿಯದು ಇರಬೇಕು. 2.0 ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಬಂತು, ಬರೆಯುವ ರೀತಿಯೇ ಬದಲಾಯಿತು. ನಿಮ್ಮ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ರಿಕ್ವೈರ್ಸ್ ಎಂದು ಆವೃತ್ತಿ ಬರೆದಿಡಿ.

ಕಂಪೈಲ್ ಮಾಡಿದ ಇಎಕ್ಸ್‌ಇ ಫೈಲನ್ನು ಆ್ಯಂಟಿವೈರಸ್ ತಿಂದುಹಾಕಿತು.

ಆಟೊಇಟ್ ಇಎಕ್ಸ್‌ಇಗಳಿಗೆ ವೈರಸ್ ಎಂಬ ಈ ತಪ್ಪು ಗುರುತು ಆಗಾಗ ಬೀಳುತ್ತದೆ. ಇಎಕ್ಸ್‌ಇ ಗಾತ್ರ ಕುಗ್ಗಿಸುವ ಯುಪಿಎಕ್ಸ್ ಕಂಪ್ರೆಶನ್ ತೆಗೆದು ನೋಡಿ. ಆಫೀಸಿನೊಳಗೆ ಬಳಸುವುದಾದರೆ ಕಂಪೈಲ್ ಮಾಡದೆ ಸ್ಕ್ರಿಪ್ಟನ್ನೇ ಕೊಡುವುದು ಒಳ್ಳೆಯದು. ಏನು ಮಾಡುತ್ತದೆ ಎಂದು ಯಾರಾದರೂ ತೆರೆದು ಓದಬಹುದು.

ಕರೆಂಟ್ ಹೋದರೆ ಬರೆದದ್ದೆಲ್ಲ ಹೋಗುತ್ತದೆ. ಹೊಸ ಕಂಪ್ಯೂಟರಿಗೆ ಹೋದಾಗಲೂ ಮತ್ತೆ ಮೊದಲಿನಿಂದ.

ಸೈಟ್‌ನಲ್ಲಿ ಸೇವ್ ಆನ್ ಡಿಆಕ್ಟಿವೇಟ್ ಎಂಬುದನ್ನು 1 ಮಾಡಿದರೆ ಬೇರೆ ಕಿಟಕಿಗೆ ಹೋದ ಕೂಡಲೇ ಉಳಿಯುತ್ತದೆ. ನಾವು ಎಡಿಟರ್ ಮತ್ತು ಬಿಲ್ಲಿಂಗ್ ಕಿಟಕಿಯ ನಡುವೆ ಓಡಾಡುತ್ತಲೇ ಇರುತ್ತೇವೆ, ಹಾಗಾಗಿ ಇದು ನಮಗೆ ಸರಿಹೊಂದುತ್ತದೆ. ಸೇವ್ ಸೆಶನ್ 1 ಮಾಡಿದರೆ ತೆರೆದಿದ್ದ ಟ್ಯಾಬ್‌ಗಳು ಮತ್ತೆ ಬರುತ್ತವೆ. ವಿಎಸ್ ಕೋಡ್‌ನಲ್ಲಿ ಆಟೊ ಸೇವ್ ಹಾಕಿ.

ಹೊಸ ಕಂಪ್ಯೂಟರಿಗೆ ಒಯ್ಯಬೇಕಾದದ್ದು ಸ್ವಲ್ಪವೇ. ಯೂಸರ್ ಪ್ರಾಪರ್ಟೀಸ್, ಅಬ್ರಿವಿಯೇಶನ್ಸ್, ಕಾಲ್‌ಟಿಪ್ಸ್, ಯುಡಿಎಫ್ಸ್, ನಿಮ್ಮ ಲುವಾ ಮತ್ತು ಇನ್‌ಕ್ಲೂಡ್ ಫೋಲ್ಡರ್. ಎಲ್ಲ ಪಠ್ಯ ಫೈಲ್, ಪೆನ್‌ಡ್ರೈವ್‌ನ ಒಂದು ಮೂಲೆ ಸಾಕು. ಫೈಲ್‌ನ ಹಿಂದಿನ ರೂಪಗಳನ್ನೂ ಕಾದಿಡುವ ಗಿಟ್ ಬಲ್ಲವರು ಗಿಟ್‌ನಲ್ಲಿಡಿ. ನಿನ್ನೆ ಓಡುತ್ತಿದ್ದದ್ದು ಇವತ್ತು ಯಾಕೆ ಓಡುತ್ತಿಲ್ಲ ಎಂಬುದಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ಪಾಸ್‌ವರ್ಡ್ ಮಾತ್ರ ಸ್ಕ್ರಿಪ್ಟ್‌ನಲ್ಲಿ ಬರೆಯಬೇಡಿ.

ಎಡಿಟರ್‌ನ ಮೆನುಗಳೇ ಕನ್ನಡದಲ್ಲಿ ಬರುವಂತೆ ಮಾಡಬಹುದೇ?

ಸೈಟ್‌ನಲ್ಲಿ ಮಾಡಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಲೊಕೇಲ್ ಪ್ರಾಪರ್ಟೀಸ್ ಎಂಬ ಫೈಲ್‌ನಲ್ಲಿ ಎಡಕ್ಕೆ ಇಂಗ್ಲಿಷ್ ಮೆನು ಪದ, ಬಲಕ್ಕೆ ನಿಮ್ಮ ಪದ. ಬೇರೆ ಭಾಷೆಯವರು ಮಾಡಿಟ್ಟ ಅನುವಾದ ಫೈಲ್‌ಗಳಿವೆ, ಒಂದನ್ನು ಇಳಿಸಿಕೊಂಡು ಅದರ ರೀತಿ ನೋಡಿ, ಬಲಗಡೆಯನ್ನು ಕನ್ನಡ ಮಾಡುತ್ತ ಹೋಗಿ. ಎಲ್ಲವನ್ನೂ ಒಂದೇ ಸಲ ಮಾಡಬೇಕಿಲ್ಲ, ಬರೆಯದೆ ಬಿಟ್ಟದ್ದು ಇಂಗ್ಲಿಷ್‌ನಲ್ಲೇ ಉಳಿಯುತ್ತದೆ.

ಪದ ಆರಿಸುವಾಗ ನಾಲ್ಕು ಜನರನ್ನು ಕೇಳಿ. ನಾನು ಸೇವ್‌ಗೆ "ಉಳಿಸು", ಫೈಂಡ್‌ಗೆ "ಹುಡುಕು", ಅಂಡೂಗೆ "ಹಿಂದಕ್ಕೆ ಹೋಗು" ಎಂದಿಟ್ಟೆ. ಫೈಲ್‌ಗೆ "ಕಡತ" ಎಂದಿಟ್ಟಿದ್ದೆ. ಆಫೀಸಿನ ಹುಡುಗಿ ಒಂದು ವಾರ ಬಳಸಿ, "ಅಣ್ಣಾ, ಫೈಲ್ ಅಂತನ ಇರ್ಲಿ, ಎಲ್ಲಾರೂ ಹಂಗ ಅಂತಾರಲ್ಲ" ಅಂದಳು. ಅವಳ ಮಾತು ಸರಿ. ಈಗ ಅದು ಕನ್ನಡ ಲಿಪಿಯಲ್ಲಿ "ಫೈಲ್" ಎಂದೇ ಇದೆ.